ಇಂಗ್ಲೆಂಡಿನ ದತ್ತಿ ಹಣ ನಮ್ಮ ಗಾಡಿಗೆ ಸಿಕ್ಕೀತೇ?

ಕಾಳಿದಂಡೆ:
ನಾನು ನಿವೃತ್ತ ನರ್ಸ್. ಸದಾಶಿವಗಡದಲ್ಲಿ ಎಂಟು ಮಂದಿ ಸೇರಿ ಕಟ್ಟಿಕೊಂಡ ಟ್ರಸ್ಟಿನ ಖಜಾಂಚಿಗಿರಿಯೂ ನನ್ನ ತಲೆಗೇ ಬಂದಿದೆ. ಡಯಾಲಿಸಿಸ್ ರೋಗಿಗಳನ್ನು ವಾರಕ್ಕೆರಡು ಸಲ ಆಸ್ಪತ್ರೆಗೆ ಕರೆದೊಯ್ಯುತ್ತೇವೆ. 2019ರಲ್ಲಿ ಕದ್ರಾ ಅಣೆಕಟ್ಟಿನ ಗೇಟು ತೆರೆದು ಕಾಳಿ ನದಿ ಮನೆಯೊಳಗೆ ಬಂದಾಗ ಅಕ್ಕಿ, ಚಾಪೆ ಹಂಚಿದ್ದೂ ಉಂಟು. ನಮ್ಮ ಹಳೆಯ ಓಮ್ನಿಯ ಬಾಗಿಲನ್ನು ಈಗ ಬಲೆಯ ಹಗ್ಗದಿಂದ ಕಟ್ಟಿದ್ದೇವೆ. ಸುಸ್ತಾಗಿ ಬಂದವರು ನಾನು ಗಂಟು ಬಿಚ್ಚುವವರೆಗೆ ಒಳಗೇ ಕಾಯಬೇಕು. ಮಳೆಗೆ ಆ ಗಂಟು ಉಬ್ಬಿರುತ್ತದೆ ಬೇರೆ.

ಕ್ರೈಸ್ತ ಸೇವೆ, ವೈದ್ಯಕೀಯ, ಪರಿಹಾರ ಕಾರ್ಯಗಳಿಗೆ ನೆರವು ಕೊಡುವ ಇಂಗ್ಲೆಂಡಿನ ಟ್ರಸ್ಟೊಂದರ ವಿಳಾಸವನ್ನು ಪಾದ್ರಿಗಳು ಕೊಟ್ಟರು. ನಮ್ಮದು ಚರ್ಚಿನ ಸಂಸ್ಥೆಯಲ್ಲ. ರೋಗಿಗಳಲ್ಲಿ ಹಿಂದೂ ಮೀನುಗಾರರಾದ ಹರಿಕಂತ್ರರೂ ಇದ್ದಾರೆ, ಮುಸ್ಲಿಮರೂ ಇದ್ದಾರೆ. ಅರ್ಜಿ ಹಾಕಬಹುದೇ?

ಶಿರಸಿ ಲೆಕ್ಕಿಗ:
ಅಕ್ಕಾ, ಮೊದಲು ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಇದೆಯೇ ಹೇಳಿ. ಅದಿಲ್ಲದೆ ಒಂದು ಪೌಂಡ್ ಬಂದರೂ ತಾಪತ್ರಯ. ನೋಂದಣಿಗೆ ಸಂಸ್ಥೆಗೆ 3 ವರ್ಷವಾಗಿರಬೇಕು, ಆ ಅವಧಿಯಲ್ಲಿ ಸೇವೆಗೆ 15 ಲಕ್ಷ ರೂಪಾಯಿ ಖರ್ಚಾಗಿರಬೇಕು. ಇಲ್ಲವಾದರೆ ಪೂರ್ವಾನುಮತಿ ಕೇಳಬಹುದು. ಅದಕ್ಕೆ ದಾನಿಯ ಒಪ್ಪಿಗೆ ಪತ್ರ ಮೊದಲೇ ಕೈಯಲ್ಲಿರಬೇಕು. ಹಣ ಬರುವುದು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೆ. ನೋಂದಣಿ ಇರುವ ಬೇರೆ ಸಂಸ್ಥೆಗೆ ತರಿಸಿ ನಿಮಗೆ ದಾಟಿಸುವ ಉಪಾಯವನ್ನು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. 2020ರ ತಿದ್ದುಪಡಿ ಅದನ್ನು ನಿಷೇಧಿಸಿದೆ.

ಕುಮಟಾದವನು:
ಇಂಗ್ಲೆಂಡಿನ ಚಾರಿಟಿ ಕಮಿಷನ್ ಜಾಲತಾಣದಲ್ಲಿ ಆ ಟ್ರಸ್ಟಿನ ಲೆಕ್ಕಪತ್ರ ಸಿಗಬಹುದು. ಹೋದ ವರ್ಷ ಯಾರಿಗೆ, ಎಷ್ಟು ಕೊಟ್ಟಿದ್ದಾರೆ ನೋಡಿ. ಇಂಥ ಎಷ್ಟೋ ಟ್ರಸ್ಟುಗಳು ತಾವಾಗಿಯೇ ಹುಡುಕಿ ಕೊಡುತ್ತವೆ, ಬಂದ ಅರ್ಜಿ ಒಡೆಯುವುದೂ ಇಲ್ಲ. ಬರೆಯುವುದಾದರೆ ಧ್ಯೇಯೋದ್ದೇಶ ಬೇಡ, ಆ ಹಗ್ಗದ ಗಂಟಿನ ಫೋಟೋ ಹಾಕಿ.

ಕಾಳಿದಂಡೆ:
15 ಲಕ್ಷವೇ! ಪೆಟ್ರೋಲು, ಟಯರು ಎಲ್ಲ ಸೇರಿ ಮೂರು ವರ್ಷಕ್ಕೆ ನಮ್ಮದು ಆರು ದಾಟುವುದಿಲ್ಲ. ಹೊರದೇಶದಲ್ಲಿರುವ ನಮ್ಮೂರಿನ ಐವರು ಹುಡುಗರು ಕೊಡುತ್ತೇವೆ ಎನ್ನುತ್ತಿದ್ದಾರೆ. ಅದಕ್ಕೂ ಇದೇ ಕಟ್ಟಳೆಯೇ?

ಶಿರಸಿ ಲೆಕ್ಕಿಗ:
ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ಸ್ವಂತ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಗೋವಾದ ಅಜ್ಜನ ಕಾಗದ ತೋರಿಸಿ ಪೋರ್ಚುಗಲ್ ಪಾಸ್‌ಪೋರ್ಟ್ ಪಡೆದವರು ಮಾತ್ರ ಕಾನೂನಿನ ಕಣ್ಣಿಗೆ ಪರದೇಶದವರೇ.

ಕಾಳಿದಂಡೆ:
ಕುವೈತಿನ ನಾಲ್ವರಿಗೆ ಇಂದೇ ತಿಳಿಸುತ್ತೇನೆ. ಐದನೆಯವನದು ಪೋರ್ಚುಗಲ್ ಪಾಸ್‌ಪೋರ್ಟ್. ಅರ್ಧ ಗಾಡಿ ತನ್ನದೇ ಎಂದಿದ್ದವನು ಅವನು.