ಕವನದಲ್ಲಿ ‘ಕೂರಿಗೆ’: ಬಿತ್ತುವ ಸಾಧನವೋ, ಹೊಲದ ಅಳತೆಯೋ?

ಕುಷ್ಟಗಿ ಕಡೆಯ ವಿದ್ಯಾರ್ಥಿನಿಯೊಬ್ಬರು ತಮ್ಮ ಮನೆತನದ ಒಕ್ಕಲುತನವನ್ನು ಕುರಿತು ಬರೆದ ಕವನದಲ್ಲಿ ಹೀಗೊಂದು ಸಾಲಿದೆ: “ಮುತ್ಯಾ ಬಿಟ್ಟು ಹೋಗಿದ್ದು ಎರಡು ಕೂರಿಗಿ, ಒಂದು ಜಂತ್ಯಾಗ ಐತಿ, ಒಂದು ಸಾಲಕ್ಕ ಹೋತು.” ಕಾಲೇಜು ಸಂಚಿಕೆಗಾಗಿ ಇದನ್ನು ನೋಡುತ್ತಿರುವ, ಹಳೇ ಮೈಸೂರು ಕಡೆಯಿಂದ ಬಂದ ನನ್ನ ಸಹೋದ್ಯೋಗಿಯೊಬ್ಬರು, ಬಿತ್ತುವ ಸಾಧನ ಸಾಲಕ್ಕೆ ಹೋಗುವುದೆಂದರೇನು ಎಂದು ಕೇಳಿ, ‘ನೇಗಿಲು’ ಎಂದು ತಿದ್ದಲು ಸೂಚಿಸಿದ್ದಾರೆ.

ಆ ತಿದ್ದುಪಡಿಗೆ ನನ್ನ ಒಪ್ಪಿಗೆಯಿಲ್ಲ. ಜಂತಿಯಲ್ಲಿರುವುದು ಮರದ ಕೂರಿಗೆ. ಸಾಲಕ್ಕೆ ಹೋದದ್ದು ಒಂದು ಕೂರಿಗೆ ಹೊಲ. ಒಂದು ಜೋಡಿ ಎತ್ತು ಹೂಡಿ ಒಂದು ದಿನದಲ್ಲಿ ಬಿತ್ತಬಹುದಾದಷ್ಟು ನೆಲಕ್ಕೆ ಕೂರಿಗೆ ಎನ್ನುವುದು ನಮ್ಮಲ್ಲಿ ರೂಢಿ. ಅಂದಾಜಿಗೆ ನಾಲ್ಕು ಎಕರೆ ಎಂದು ಹಿಡಿಯುತ್ತಾರೆ. ಇನ್ನು ನೇಗಿಲು ಉಳುತ್ತದೆಯೇ ಹೊರತು ಬಿತ್ತುವುದಿಲ್ಲ. ದಿಂಡಿಗೆ (ಅಡ್ಡಮರಕ್ಕೆ) ಕೂಡಿಸಿದ, ನೆಲದಲ್ಲಿ ಸಾಲು ಬಿಡಿಸುವ ತಾಳುಗಳು, ಅವುಗಳಿಂದ ಮೇಲೆದ್ದ ಬಿದಿರಿನ ಕೊಳವೆಗಳು, ಆ ಕೊಳವೆಗಳೆಲ್ಲ ಸೇರುವ ಬಟ್ಟಲು, ಹಿಂದೆ ನಡೆಯುತ್ತ ಉಡಿಯಲ್ಲಿನ ಜೋಳವನ್ನು ಮುಷ್ಟಿಯಿಂದ ಸಮನಾಗಿ ಆ ಬಟ್ಟಲಿಗೆ ಬಿಡುವ ಹೆಣ್ಣುಮಗಳು, ಇಷ್ಟೂ ಕೂಡಿದರೆ ಕೂರಿಗೆಯ ಬಿತ್ತನೆ. ಕವನದ ಮುಂದಿನ ಸಾಲಿನಲ್ಲಿ ಬರುವ ‘ಅವ್ವನ ಮುಷ್ಟಿ’ ಈ ಬಟ್ಟಲಿನ ಮೇಲಿನದು. ನೇಗಿಲು ಎಂದು ತಿದ್ದಿದರೆ ಆಕೆಯ ದುಡಿಮೆಯೇ ಕವನದಿಂದ ಬಿಟ್ಟುಹೋಗುತ್ತದೆ. (ಅಡಿಟಿಪ್ಪಣಿ ಹಾಕಬಹುದೆಂಬ ಸಲಹೆಯೂ ಬಂದಿದೆ. ಎರಡರ್ಥದ ಆಟವನ್ನು ಟಿಪ್ಪಣಿಯಲ್ಲಿ ಬಿಡಿಸಿಟ್ಟರೆ ಸಾಲು ಸಪ್ಪೆಯಾದೀತು.)

ಆದರೂ ಅಳತೆಯ ವಿಷಯದಲ್ಲಿ ಬಲ್ಲವರನ್ನು ಕೇಳಬೇಕಾಗಿದೆ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು ಕಾಲುವೆ ನೀರು ಹರಿದ ಗಂಗಾವತಿ, ಸಿಂಧನೂರು ಸೀಮೆಯಲ್ಲಿ ಭತ್ತದ ನಾಟಿ ಬಂದ ಮೇಲೆ ಎಕರೆಯ ಲೆಕ್ಕವೇ ನಿಂತಿದೆ. ಅಲ್ಲಿಯ ವಿದ್ಯಾರ್ಥಿಗಳಿಗೆ ಕೂರಿಗೆ ಎಂದರೆ ಟ್ರ್ಯಾಕ್ಟರ್ ಹಿಂದಿನ ಕೂರಿಗೆಯಷ್ಟೇ ನೆನಪಾಗುತ್ತದೆ. ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾಗಳ ಹಿರಿಯರ ಬಾಯಲ್ಲಿ ಮಾತ್ರ ಅಳತೆಯ ಅರ್ಥ ಇನ್ನೂ ಇದೆ. ಎರೆ (ಕಪ್ಪು ಮಣ್ಣಿನ) ಹೊಲಕ್ಕೂ ಮಸಾರಿ (ಕೆಂಪು ಮಣ್ಣಿನ) ಹೊಲಕ್ಕೂ ಈ ನಾಲ್ಕು ಎಕರೆಯ ಲೆಕ್ಕ ಒಂದೇ ಆಗಿತ್ತೇ, ತಾಳುಗಳ ಸಂಖ್ಯೆ ಹೆಚ್ಚಿದಂತೆ ಅಳತೆಯೂ ಬದಲಾಗುತ್ತಿತ್ತೇ? ಎಕರೆ, ಗುಂಟೆಗಳನ್ನೇ ಬರೆಯುವ ಪಹಣಿಯಲ್ಲಲ್ಲದೆ, ಹಳೆಯ ಖರೀದಿ ಪತ್ರ ಅಥವಾ ಮನೆಪಾಲಿನ ಕಾಗದಗಳಲ್ಲಿ ‘ಕೂರಿಗೆ’ ಅಳತೆಯಾಗಿ ಬಂದದ್ದನ್ನು ಕಂಡವರಿದ್ದರೆ, ಆ ವಾಕ್ಯವನ್ನು ಇದ್ದಂತೆಯೇ ಬರೆದು ತಿಳಿಸಬೇಕೆಂದು ಕೋರುತ್ತೇನೆ.