ಚೆನ್ನೈಯ ಎಗ್ಮೋರ್ ವಸ್ತುಸಂಗ್ರಹಾಲಯ: ಮಂಡಿನೋವಿನ ಯಜಮಾನರೊಂದಿಗೆ ಒಂದು ದಿನ ಸಾಕೇ?

ಪೆರ್ಲದ ಟೀಚರ್:
ಮೂವತ್ತೆರಡು ವರ್ಷ ಕನ್ನಡ ಮಾಧ್ಯಮದ ಮಕ್ಕಳಿಗೆ ಸಮಾಜ ಪಾಠ ಮಾಡಿದವಳು ನಾನು. ಆಂಧ್ರದ ಅಮರಾವತಿಯ ಬೌದ್ಧ ಸ್ತೂಪದ ಶಿಲ್ಪಗಳನ್ನು ಪುಸ್ತಕದ ಅಂಗೈಯಗಲದ ಮಸುಕು ಚಿತ್ರದಲ್ಲಿ ತೋರಿಸಿಯೇ ನಿವೃತ್ತಳಾದೆ. ಮುಂದಿನ ತಿಂಗಳು ಚೆನ್ನೈಯ ಮಗಳ ಮನೆಗೆ ಹೋಗುವವರಿದ್ದೇವೆ. ಈ ಸಲವಾದರೂ ಕಣ್ಣಾರೆ ನೋಡಬೇಕು. ಯಜಮಾನರಿಗೆ ಮಂಡಿನೋವು, ಶಿಲ್ಪವೆಂದರೆ ಆಕಳಿಕೆ ಬೇರೆ. ಅಡಿಕೆಗೆ ಮದ್ದು ಬಿಡುವ ನೆಪ ಈಗಲೇ ಶುರುವಾಗಿದೆ. ಒಂದು ದಿನದಲ್ಲಿ ಎಲ್ಲ ಮುಗಿದೀತೇ?

ಕುಂಬಳೆಯವನು:
ಮುಗಿಸುವ ಯೋಚನೆಯನ್ನೇ ಬಿಡಿ. ಅದು 1851ರಲ್ಲಿ ಆರಂಭವಾದ ಸಂಗ್ರಹ, ಒಂದೇ ಆವರಣದಲ್ಲಿ ಹಲವು ಕಟ್ಟಡಗಳು. ಮತ್ತೆ, ಶುಕ್ರವಾರ ರಜೆ. ನಾವು ಮಂಗಳೂರು ಮೈಲ್ ರೈಲಿನಲ್ಲಿ ರಾತ್ರಿಯಿಡೀ ಪ್ರಯಾಣ ಮಾಡಿ, ಇಳಿದ ದಿನವೇ ಅಲ್ಲಿಗೆ ಹೋದೆವು. ಅಂದು ಶುಕ್ರವಾರ. ಮುಚ್ಚಿದ ಗೇಟಿನ ಮುಂದೆ ನನ್ನವಳು ಏನೂ ಮಾತನಾಡಲಿಲ್ಲ, ಬೈದಿದ್ದರೆ ವಾಸಿಯಿತ್ತು.

ಮರುದಿನ ಎಲ್ಲವನ್ನೂ ಜೊತೆಯಾಗಿಯೇ ನೋಡುವ ಹಟ ಹಿಡಿದು ಮಧ್ಯಾಹ್ನದೊಳಗೆ ಇಬ್ಬರೂ ಮುನಿಸಿಕೊಂಡೆವು. ಊಟವಾದ ಮೇಲೆ ಅವಳು ಅಮರಾವತಿಯ ಕಡೆಗೆ, ನಾನು ಕಂಚಿನ ಮೂರ್ತಿಗಳ ಕಡೆಗೆ. ನಾಲ್ಕು ಗಂಟೆಗೆ ಟಿಕೆಟ್ ಕೌಂಟರಿನ ಬಳಿ ಭೇಟಿ. ಅಷ್ಟೇ ಚೆನ್ನಾಗಿ ನಡೆದದ್ದು.

ಕಂಚಿನ ಮೂರ್ತಿಗಳಲ್ಲಿ ತಿರುವಾಲಂಗಾಡಿನ ನಟರಾಜನನ್ನು ಎಲ್ಲರೂ ಹೇಳುತ್ತಾರೆ. ನೀವು ಪೀಠಗಳನ್ನೂ ನೋಡಿ. ಕೋಲು ತೂರಿಸಿ ಹೊರಲು ಬಳೆಗಳು, ತೂತುಗಳು ಇರುತ್ತವೆ. ನಮ್ಮಲ್ಲಿ ಜಾತ್ರೆಯ ದರ್ಶನ ಬಲಿಗೆ ದೇವರನ್ನು ಒಬ್ಬರೇ ತಲೆಯ ಮೇಲೆ ಹೊತ್ತು ಹೆಜ್ಜೆ ಹಾಕುತ್ತಾರಲ್ಲ, ತಮಿಳುನಾಡಿನ ಉತ್ಸವಗಳಲ್ಲಿ ಹೆಗಲು ಕೊಡಲು ಹಲವರು ಬೇಕು. ಬೀದಿಗೆ ಹೊರಡುತ್ತಿದ್ದ ದೇವರು ಗಾಜಿನೊಳಗೆ ನಿಂತದ್ದನ್ನು ಕಂಡು ನನಗೆ ಸ್ವಲ್ಪ ಕಸಿವಿಸಿಯಾಯಿತು, ಸುಳ್ಳು ಹೇಳುವುದಿಲ್ಲ.

ಹೊಸೂರಿನಿಂದ:
ಟೀಚರ್, ಅಮರಾವತಿಯದು ಅಮೃತಶಿಲೆಯೆಂದು ಮಕ್ಕಳಿಗೆ ಹೇಳಿದ್ದರೆ ತಿದ್ದಿಕೊಳ್ಳಿ, ಅದು ಸುಣ್ಣದಕಲ್ಲು. ಪೂರ್ತಿ ಸ್ತೂಪ ಸಿಗುವುದಿಲ್ಲ. ಬಹಳಷ್ಟು ಫಲಕಗಳು ಲಂಡನ್ನಿನಲ್ಲಿವೆ. ಬೆಳಿಗ್ಗೆ ತೆರೆದ ಕೂಡಲೇ ಹೋಗಿ. ಯಜಮಾನರನ್ನು ಪ್ರಾಣಿವಿಭಾಗಕ್ಕೆ ಕಳುಹಿಸಿ. 1874ರಲ್ಲಿ ಮಂಗಳೂರಿನ ಕಡಲತೀರಕ್ಕೆ ಬಂದು ಬಿದ್ದ ತಿಮಿಂಗಿಲದ ಅಸ್ಥಿಪಂಜರ ಅಲ್ಲಿದೆ.

ಪೆರ್ಲದ ಟೀಚರ್:
ಅಮೃತಶಿಲೆಯೆಂದೇ ಹೇಳಿದ್ದೆ. ಮೂವತ್ತೆರಡು ವರ್ಷ! ಗುರುವಾರಕ್ಕೆ ನಿಶ್ಚಯಿಸಿದ್ದೇವೆ, ಬೇರೆ ಬೇರೆಯಾಗಿಯೇ ನೋಡುತ್ತೇವೆ. ತಿಮಿಂಗಿಲದ ಸಂಗತಿ ಓದಿ ಹೇಳಿದೆ. ಮದ್ದು ಬಿಡುವವರು ಈಗ ಕನ್ನಡಕ ಹುಡುಕುತ್ತಿದ್ದಾರೆ. ಅವರ ಪ್ರಶ್ನೆ ಒಂದೇ: ಬಿದ್ದದ್ದು ಉಳ್ಳಾಲದಲ್ಲೋ, ಪಣಂಬೂರಿನಲ್ಲೋ?