ಇಂಗ್ಲಿಷ್ ದೆವ್ವದ ಕಥೆ ಪುಸ್ತಕಗಳನ್ನ ಬರೀ 300 ಪ್ರತಿ ಯಾಕೆ ಅಚ್ಚು ಹಾಕ್ತಾರೆ?

ಕತ್ತಲೆಕೋಣೆ:

ಎಲ್ರಿಗೂ ನಮಸ್ಕಾರ, ನಾನು ಈ ವಿಷ್ಯಕ್ಕೆ ಹೊಸಬ. ಎಂ. ಆರ್. ಜೇಮ್ಸ್ ಅನ್ನೋ ಇಂಗ್ಲಿಷ್ ಲೇಖಕರ ದೆವ್ವದ ಕಥೆಗಳನ್ನ ಫ್ರೀ ಇ-ಬುಕ್ಕಲ್ಲಿ ಓದೋಕೆ ಶುರು ಮಾಡಿ ಎರಡು ತಿಂಗಳಾಯ್ತು, ಬಿಡೋಕೇ ಆಗ್ತಿಲ್ಲ. ಮೊದಲು ಓದಿದ್ದು ಕ್ಯಾನನ್ ಆಲ್ಬೆರಿಕ್ ಕಥೆ. ಅದ್ರಲ್ಲಿ ಡೆನ್ನಿಸ್ಟನ್ ಅನ್ನೋನು ರಾತ್ರಿ ರೂಮಲ್ಲಿ ಒಬ್ಬನೇ ಕೂತು ಹಳೇ ಪುಸ್ತಕ ನೋಡ್ತಿರ್ತಾನೆ, ಮೇಜಿನ ಕೆಂಪು ಬಟ್ಟೆ ಮೇಲೆ ಎಡ ಮೊಣಕೈ ಪಕ್ಕ ಏನೋ ಬಿದ್ದಿರೋದು ಕಾಣುತ್ತೆ, ಪೆನ್ ಒರೆಸೋ ಬಟ್ಟೆ ಅನ್ಕೋತಾನೆ, ಅಲ್ಲ ಇಲಿ ಅನ್ಕೋತಾನೆ, ದೊಡ್ಡ ಜೇಡ ಇರ್ಬೇಕು ಅನ್ಕೋತಾನೆ, ಆಮೇಲೆ ನೋಡಿದ್ರೆ ಅದು ಒಂದು ಕೈ! ಅವತ್ತು ರಾತ್ರಿ ನಾನು ನನ್ನ ಮೇಜಿನ ಎಡಗಡೆ ನೋಡ್ಲಿಲ್ಲ, ನಿಜವಾಗ್ಲೂ.

ಈಗ ಜೇಮ್ಸ್ ಮುಗೀತಾ ಬಂತು, ಅದೇ ಥರ ಬರೆದ ಬೇರೆಯವ್ರು ಯಾರಿದಾರೆ ಅಂತ ಹುಡುಕ್ತಾ ಹೋದ್ರೆ ಎಲ್ಲಾ ದಾರಿನೂ ಆಶ್-ಟ್ರೀ ಪ್ರೆಸ್, ಟಾರ್ಟರಸ್ ಪ್ರೆಸ್ ಅಂತ ಪುಟ್ಟ ಪುಟ್ಟ ಪ್ರಕಾಶನಗಳ ಕಡೆಗೇ ಹೋಗುತ್ತೆ. ನೋಡಿದ್ರೆ 300 ಪ್ರತಿ, 500 ಪ್ರತಿ, ಅಷ್ಟೇ ಅಚ್ಚು ಹಾಕಿರ್ತಾರೆ, ಎಲ್ಲಾ ಖಾಲಿ, ಸೆಕೆಂಡ್ ಹ್ಯಾಂಡ್ ರೇಟ್ ನೋಡಿದ್ರೆ ಎದೆ ಧಸಕ್ ಅನ್ನುತ್ತೆ. ಓದೋಕೆ ಆಸೆ ಇರೋರಿಗೆ ಸಿಗದೇ ಇರೋ ಹಾಗೆ ಪುಸ್ತಕ ಮಾಡೋದು ಯಾಕೆ? ಇದು ಓದುಗರಿಗೋ, ಇಲ್ಲಾ ಕಪಾಟಲ್ಲಿ ಜೋಡಿಸಿಡೋರಿಗೋ? ಇನ್ನೊಂದು, ಎಲ್ಲಿ ನೋಡಿದ್ರೂ 'ಘೋಸ್ಟ್ಸ್ ಅಂಡ್ ಸ್ಕಾಲರ್ಸ್' ಅಂತ ಒಂದು ಪತ್ರಿಕೆ ಹೆಸರು ಬರುತ್ತೆ, ಅದೇನು ಅಂತ ಯಾರಾದ್ರೂ ಬಿಡಿಸಿ ಹೇಳ್ತೀರಾ?

ಹಳೇಪುಟ:

ಒಳ್ಳೇ ಪ್ರಶ್ನೆ ಕೇಳಿದೀರಿ. ನನಗೂ ಒಂದು ಕಾಲದಲ್ಲಿ ಇದೇ ಕೋಪ ಇತ್ತು, ಆಮೇಲೆ ಲೆಕ್ಕ ಅರ್ಥ ಆಯ್ತು.

ಮೊದಲು ಇದನ್ನ ಮಾಡೋರು ಯಾರು ಅಂತ ನೋಡಿ. ಆಶ್-ಟ್ರೀ ಅಂದ್ರೆ ಬಾರ್ಬರಾ ಮತ್ತು ಕ್ರಿಸ್ಟೋಫರ್ ರೋಡೆನ್, ಗಂಡ ಹೆಂಡ್ತಿ ಇಬ್ರು ಸೇರಿ 1994ರಲ್ಲಿ ಬ್ರಿಟನ್ನಲ್ಲಿ ಶುರು ಮಾಡಿದ್ದು, ಆಮೇಲೆ ಕೆನಡಾಗೆ ಹೋದ್ರು. ಹೆಸರೇ ಜೇಮ್ಸ್‌ನ ಒಂದು ಕಥೆಯಿಂದ ಬಂದಿದ್ದು. ಟಾರ್ಟರಸ್ ಅಂದ್ರೆ ರೇ ರಸೆಲ್ ಮತ್ತು ರೋಸಲೀ ಪಾರ್ಕರ್, 1990ರಿಂದ, ಯಾರ್ಕ್‌ಶೈರ್ ಕಡೆ. ದೊಡ್ಡ ಆಫೀಸು, ಗೋಡೌನು, ಸೇಲ್ಸ್ ಟೀಮು ಅಂತ ಏನೂ ಇರಲ್ಲ ಇಂಥ ಕಡೆ. ಟೈಪ್ ಸೆಟ್ಟಿಂಗು, ಪ್ರೂಫು, ಮುನ್ನುಡಿ ಬರೆಸೋದು, ಪ್ಯಾಕ್ ಮಾಡಿ ಪೋಸ್ಟಿಗೆ ಹಾಕೋದು ಎಲ್ಲಾ ಒಂದಿಬ್ರ ತಲೆ ಮೇಲೆ. ಪುಸ್ತಕದಂಗಡಿಗೆ ಕೊಟ್ರೆ ಮುಖಬೆಲೆಯಲ್ಲಿ ದೊಡ್ಡ ಪಾಲು ಕಮಿಷನ್ನಿಗೇ ಹೋಗುತ್ತೆ, ಹಾಗಾಗಿ ನೇರ ಓದುಗರಿಗೇ ಮಾರ್ತಾರೆ. 300 ಜನ ಖಂಡಿತ ತಗೋತಾರೆ ಅಂತ ಗೊತ್ತಿದ್ರೆ 300 ಅಚ್ಚು ಹಾಕ್ತಾರೆ. 2000 ಹಾಕಿ 1700 ಪ್ರತಿ ಮಂಚದ ಕೆಳಗೆ ಉಳಿದ್ರೆ ಮುಂದಿನ ಪುಸ್ತಕನೇ ಬರಲ್ಲ.

ಎರಡನೇದು, ಯಾರ ಪುಸ್ತಕ ಮಾಡ್ತಾರೆ ಅನ್ನೋದು. ಜೇಮ್ಸ್ ಯಾವತ್ತೂ ಅಂಗಡಿಯಿಂದ ಮಾಯ ಆಗಿಲ್ಲ. ಆದ್ರೆ ಎ. ಎಂ. ಬರೇಜ್ ತಗೊಳ್ಳಿ. ಹೊಟ್ಟೆಪಾಡಿಗೆ ವಾರಪತ್ರಿಕೆ, ಮಾಸಪತ್ರಿಕೆಗಳಿಗೆ ಕಥೆ ಬರೀತಾ ಇದ್ದ ಮನುಷ್ಯ, ಎಷ್ಟೋ ಕಥೆ ಪತ್ರಿಕೆಯಲ್ಲಿ ಬಂದು ಅಲ್ಲೇ ಸತ್ತುಹೋಗಿದ್ವು, ಪುಸ್ತಕ ಆಗಿರ್ಲೇ ಇಲ್ಲ. ಅವನ್ನ ಯಾರೋ ಲೈಬ್ರರಿಲಿ ಕೂತು ಹಳೇ ಸಂಚಿಕೆಗಳ ಧೂಳು ಕೊಡವಿ ಪುಟ ಪುಟ ತಿರುಗಿಸಿ ಹುಡುಕಿ, ಅಕ್ಷರ ಅಕ್ಷರ ಟೈಪ್ ಮಾಡಿ, ಆಶ್-ಟ್ರೀ ಸಂಪುಟ ಸಂಪುಟವಾಗಿ ತಂದಿದ್ದು. ಎಚ್. ಆರ್. ವೇಕ್‌ಫೀಲ್ಡ್ ಅನ್ನೋ ಕಥೆಗಾರನ ಹಳೇ ಪುಸ್ತಕಗಳನ್ನೂ ಅವ್ರು ಮತ್ತೆ ಅಚ್ಚು ಹಾಕಿದ್ರು. ಇವೆಲ್ಲಾ ಕಾಪಿರೈಟ್ ಮುಗಿದ ಮಾಲೂ ಅಲ್ಲ. ಬ್ರಿಟನ್ನಲ್ಲಿ ಲೇಖಕ ಸತ್ತ ಮೇಲೆ 70 ವರ್ಷ ಹಕ್ಕು ಇರುತ್ತೆ, ಬರೇಜ್ ಸತ್ತಿದ್ದು 1956, ಅಂದ್ರೆ 2026ರ ಕೊನೆವರೆಗೂ, ವೇಕ್‌ಫೀಲ್ಡ್ 1964, ಅಂದ್ರೆ 2034ರ ಕೊನೆವರೆಗೂ. ಹಕ್ಕುದಾರರನ್ನ ಹುಡುಕಿ, ಒಪ್ಪಿಸಿ, ದುಡ್ಡು ಕೊಟ್ಟು ಮಾಡ್ಬೇಕು.

ಜೇಮ್ಸ್ ಹಕ್ಕಿನ ಕಥೆ ಇನ್ನೂ ಮಜಾ ಇದೆ, ವಿಷ್ಯ ಸ್ವಲ್ಪ ಆಚೆ ಹೋಗುತ್ತೆ, ಇರ್ಲಿ. ಅವ್ರು ತೀರ್ಕೊಂಡಿದ್ದು 1936. ಆಗಿನ ಕಾನೂನು 50 ವರ್ಷ, ಹಾಗಾಗಿ 1987ಕ್ಕೆ ಎಲ್ಲರ ಸ್ವತ್ತಾಯ್ತು. ಆಮೇಲೆ 70 ವರ್ಷ ಅಂತ ಮಾಡಿದ್ರಲ್ಲ, 1996ರಲ್ಲಿ ಮತ್ತೆ ಹಕ್ಕಿನೊಳಗೆ ಹೋಯ್ತು, 2007ಕ್ಕೆ ಮತ್ತೆ ಆಚೆ ಬಂತು. ದೆವ್ವದ ಕಥೆಗಳೇ ಹೂತು ಮತ್ತೆ ಎದ್ದ ಹಾಗೆ.

ರಾತ್ರಿಪಾಳಿ:

ಹಳೇಪುಟ ಅಣ್ಣಾ, ಲೆಕ್ಕ ಎಲ್ಲಾ ಒಪ್ತೀನಿ, ಆದ್ರೆ ಒಂದು ಮಾತಿಗೆ ನನ್ನ ತಕರಾರು ಇದೆ. 300 ಪ್ರತಿ ಮಾಡ್ಲಿ, ಹೊಲಿಗೆ ಬೈಂಡಿಂಗ್ ಮಾಡ್ಲಿ, ರಿಬ್ಬನ್ ಹಾಕ್ಲಿ, ಬೇಡ ಅನ್ನಲ್ಲ. ಖಾಲಿ ಆದ ಮೇಲೂ ಕಥೆ ಬೀಗ ಹಾಕಿಟ್ಟ ಹಾಗೇ ಇದ್ರೆ ಅದು ತಪ್ಪು. ಇ-ಬುಕ್ ಮಾಡೋಕೆ ಗೋಡೌನ್ ಬೇಡ ಅಲ್ವಾ? ಟಾರ್ಟರಸ್‌ನೋರು ಇ-ಬುಕ್ಕು, ಪೇಪರ್‌ಬ್ಯಾಕು ಎರಡೂ ಮಾಡ್ತಾರೆ, ಆಶ್-ಟ್ರೀನೂ ಆಮೇಲೆ ಇ-ಬುಕ್ ತಂತು, ಅದು ಸರಿಯಾದ ದಾರಿ.

ನನಗೆ ಬಿದ್ದ ಪೆಟ್ಟು ರಾಬರ್ಟ್ ಐಕ್‌ಮನ್ ವಿಷ್ಯದಲ್ಲಿ. ಆತನ ಎಲ್ಲಾ ಕಥೆಗಳ ಎರಡು ಸಂಪುಟ ಟಾರ್ಟರಸ್‌ನೋರು ಇನ್ನೊಂದು ಪ್ರೆಸ್ ಜೊತೆ ಸೇರಿ 1999ರಲ್ಲಿ ತಂದಿದ್ರು. ಅದರ ಒಂದು ಸೆಟ್ ಒಬ್ರ ಹತ್ರ ಮಾರಾಟಕ್ಕಿತ್ತು, ಕೊಂಡ್ಕೊಳ್ಳೋಣ, ಮುಂದಿನ ತಿಂಗಳು, ಅದರ ಮುಂದಿನ ತಿಂಗಳು ಅಂತ ಎಳೆದೆ, ಹೋಯ್ತು. ಇನ್ನೊಂದು ಸಿಕ್ಕಿದಾಗ ರೇಟು ಕೈಗೆಟುಕದಷ್ಟಾಗಿತ್ತು. ಕೊನೆಗೆ ಐಕ್‌ಮನ್ ಹುಟ್ಟಿ ನೂರು ವರ್ಷ ಆದಾಗ, 2014ರಲ್ಲಿ, ಫೇಬರ್ ಅನ್ನೋ ದೊಡ್ಡ ಪ್ರಕಾಶನದೋರು ಪೇಪರ್‌ಬ್ಯಾಕ್ ತಂದ್ರು, ನಾನು ಓದಿದ್ದು ಅದನ್ನೇ. 1999ರಿಂದ 2014, ಹದಿನೈದು ವರ್ಷ. ಆ ಮಧ್ಯೆ ಆಸೆ ಪಟ್ಟೋರೆಲ್ಲಾ ಏನು ಮಾಡ್ಬೇಕಿತ್ತು?

ಹಳೇಪುಟ:

ತಮ್ಮಾ, ನಿನ್ನ ಸಂಕಟ ಅರ್ಥ ಆಗುತ್ತೆ. ಒಂದು ಮಾತ್ರ ಯೋಚ್ನೆ ಮಾಡು, ಆ ಹದಿನೈದು ವರ್ಷ ಐಕ್‌ಮನ್ ಹೆಸರು ಓದೋರ ಬಾಯಲ್ಲಿ ಉಳಿಸಿದ್ದು ಯಾರು? ಯಾವುದೋ ಮೂಲೆಯಲ್ಲಿ 300 ಜನ ಓದಿ, ಬರೆದು, ಮಾತಾಡಿ, ಅದು ಹಬ್ಬಿದ ಮೇಲೆ ದೊಡ್ಡೋರು ಬರೋದು. ಬ್ರಿಟಿಷ್ ಲೈಬ್ರರಿ 2018ರಿಂದ ಟೇಲ್ಸ್ ಆಫ್ ದ ವಿಯರ್ಡ್ ಅಂತ ಪೇಪರ್‌ಬ್ಯಾಕ್ ಮಾಲೆ ತರ್ತಿದೆ, ಚೆನ್ನಾಗಿದೆ, ಎಲ್ರೂ ಕೊಳ್ಳಬಹುದು. ಅದಕ್ಕೂ ಮುಂಚೆ ರಿಚರ್ಡ್ ಡಾಲ್ಬಿ, ಹ್ಯೂ ಲ್ಯಾಂಬ್ ಥರದೋರು ದಶಕಗಟ್ಟಲೆ ಹಳೇ ಪತ್ರಿಕೆ ಜಾಲಾಡಿ ಸಂಕಲನ ಮಾಡಿ ನೆಲ ಹದ ಮಾಡಿಟ್ಟಿದ್ರು. ಇ-ಬುಕ್ ವಿಷ್ಯಕ್ಕೆ ನಿನ್ನ ಮಾತೇ ಸರಿ, ವಾದ ಇಲ್ಲ.

ಅಂಚಿನಟಿಪ್ಪಣಿ:

ಘೋಸ್ಟ್ಸ್ ಅಂಡ್ ಸ್ಕಾಲರ್ಸ್ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳ್ತೀನಿ, ನನಗೆ ತುಂಬಾ ಇಷ್ಟವಾದ ವಿಷ್ಯ ಇದು.

ರೋಸ್‌ಮೇರಿ ಪಾರ್ಡೋ ಅನ್ನೋರು 1979ರಲ್ಲಿ ಶುರು ಮಾಡಿದ ಪತ್ರಿಕೆ. ಹಾಂಟೆಡ್ ಲೈಬ್ರರಿ ಅಂತ ಅವ್ರ ಪ್ರಕಾಶನದ ಹೆಸರು. ಜೇಮ್ಸ್ ದಾರಿಯಲ್ಲಿ ಬರೆದ ಹೊಸ ಕಥೆಗಳು, ಲೇಖನಗಳು, ಕಥೆಯಲ್ಲಿ ಬರೋ ಲ್ಯಾಟಿನ್ ಸಾಲಿಗೆ ಅರ್ಥ, ಈ ಊರು ಯಾವುದು, ಈ ಚರ್ಚು ನಿಜವಾಗ್ಲೂ ಇದೆಯಾ, ಇಂಥದ್ದೆಲ್ಲಾ. 2001ರವರೆಗೆ 33 ಸಂಚಿಕೆ ಬಂತು, ಆಮೇಲೆ ನ್ಯೂಸ್‌ಲೆಟರ್ ಆಗಿ ಮುಂದುವರೀತು. ನನ್ನ ಹತ್ರ ಒಂದೇ ಒಂದು ಹಳೇ ಸಂಚಿಕೆ ಇದೆ, ಮಧ್ಯಕ್ಕೆ ಸ್ಟೇಪಲ್ ಪಿನ್ ಹೊಡೆದ ತೆಳ್ಳನೆ ಪುಸ್ತಿಕೆ. ಪಿನ್ ತುಕ್ಕು ಹಿಡಿದು ನಡುಪುಟದಲ್ಲಿ ಎರಡು ಕಂದು ಕಲೆ ಆಗಿದೆ, ಅಂಚಲ್ಲಿ ಹಿಂದಿನ ಯಾರೋ ಓದುಗರು ಪೆನ್ಸಿಲ್‌ನಲ್ಲಿ ಸಣ್ಣದಾಗಿ ಟಿಕ್ ಹಾಕಿದಾರೆ, ಬರೀ ಊರ ಹೆಸರುಗಳ ಪಕ್ಕ. ಆ ಊರಿಗೆಲ್ಲಾ ಅವ್ರು ಹೋಗಿ ನೋಡಿ ಬಂದಿರ್ಬೇಕು ಅಂತ ನನ್ನ ನಂಬಿಕೆ. ಯಾಕಂದ್ರೆ ಜೇಮ್ಸ್ ಅಭಿಮಾನಿಗಳು ಹೀಗೇ ಮಾಡೋದು. 'ಎ ವಾರ್ನಿಂಗ್ ಟು ದ ಕ್ಯೂರಿಯಸ್' ಕಥೆಯಲ್ಲಿ ಸೀಬರೋ ಅಂತ ಇರೋದು ಇಂಗ್ಲೆಂಡಿನ ಸಫೊಕ್ ಕಡಲತೀರದ ಆಲ್ಡೆಬರೋ, 'ಓ, ವಿಸಲ್' ಕಥೆಯ ಬರ್ನ್‌ಸ್ಟೋ ಅಂದ್ರೆ ಫೀಲಿಕ್ಸ್‌ಸ್ಟೋ. ಆಲ್ಡೆಬರೋದ ಮಾರ್ಟೆಲ್ಲೋ ಗೋಪುರ, ಅಂದ್ರೆ ಕಡಲತೀರದ ಹಳೇ ಕಾವಲು ಕೋಟೆ, ಅದರ ಹತ್ರ ಸಂಜೆ ಹೊತ್ತು ನಿಂತ್ರೆ ಆ ಕಥೆಯಲ್ಲಿ ಹೂತಿಟ್ಟ ಕಿರೀಟ ಅಗೆದು ತೆಗೆದವನ ಪಾಡು ನೆನಪಾಗ್ದೆ ಇರುತ್ತಾ?

ಈಗ ಮುಖ್ಯವಾದದ್ದು. ಜೇಮ್ಸ್ 1929ರಲ್ಲಿ ಒಂದು ಪ್ರಬಂಧ ಬರೆದ್ರು, ನಾನು ಬರೆಯೋಕೆ ಪ್ರಯತ್ನ ಪಟ್ಟು ಕೈಬಿಟ್ಟ ಕಥೆಗಳು ಅಂತ. ಅದ್ರಲ್ಲಿ ಕೇಂಬ್ರಿಡ್ಜ್‌ನ ಕಿಂಗ್ಸ್ ಕಾಲೇಜಿನ ಇಬ್ರು, ಫೆನ್‌ಸ್ಟಾಂಟನ್ ಅನ್ನೋ ಊರಿನ ಮಾಟಗಾತಿ, ರಾತ್ರಿ ಹೊತ್ತಿನ ಪ್ರಯಾಣ ಅಂತ ಒಂದು ಕಥೆಯ ಸುಳಿವು ಕೊಡ್ತಾರೆ. ಓದಿದೋರೆಲ್ಲಾ ಅಯ್ಯೋ ಇದು ಬರೆದಿದ್ರೆ ಎಷ್ಟು ಚೆನ್ನಾಗಿರೋದು ಅಂತ ಪೇಚಾಡಿದ್ದೇ. ನೋಡಿದ್ರೆ ಅದರ ಕೈಬರಹದ ಕರಡು ಇತ್ತು! ಜೇಮ್ಸ್ ಕೈಬರಹ ಅಂದ್ರೆ ಓದೋಕಾಗದ್ದು ಅಂತ ಅವ್ರ ಸ್ನೇಹಿತರೇ ಗೋಳಾಡ್ತಿದ್ರು, ಅಂಥದ್ದನ್ನ ಬಿಡಿಸಿ ಓದಿ, ಮೊದಲ ಸಲ ಅಚ್ಚು ಮಾಡಿದ್ದು ಘೋಸ್ಟ್ಸ್ ಅಂಡ್ ಸ್ಕಾಲರ್ಸ್‌ನ 12ನೇ ಸಂಚಿಕೆ, 1990ರಲ್ಲಿ. ಲೇಖಕ ಸತ್ತು 54 ವರ್ಷದ ಮೇಲೆ ಅವ್ರ ಹೊಸ ಕಥೆ ಲೋಕಕ್ಕೆ ಬಂದಿದ್ದು ಸ್ಟೇಪಲ್ ಪಿನ್ ಹೊಡೆದ ಒಂದು ಅಭಿಮಾನಿ ಪತ್ರಿಕೆಯಲ್ಲಿ. ಕತ್ತಲೆಕೋಣೆಯವರೇ, ಇದು ಕಪಾಟಲ್ಲಿ ಜೋಡಿಸಿಡೋರ ಕೆಲಸ ಅಂತ ಹೇಗೆ ಹೇಳೋದು?

ಜೇಮ್ಸ್ ಕಥೆ ಹುಟ್ಟಿದ್ದೂ ಹೀಗೇ ನಾಲ್ಕು ಜನರ ನಡುವೆ. 1893ರ ಅಕ್ಟೋಬರ್ 28ರಂದು ಕೇಂಬ್ರಿಡ್ಜ್‌ನ ಚಿಟ್‌ಚಾಟ್ ಸೊಸೈಟಿ ಅನ್ನೋ ಪುಟ್ಟ ಕೂಟದಲ್ಲಿ ಮೊದಲೆರಡು ಕಥೆ ಓದಿದ್ದು, ಆಮೇಲೆ ಪ್ರತಿ ವರ್ಷ ಕ್ರಿಸ್‌ಮಸ್ ಸಮಯಕ್ಕೆ ಸ್ನೇಹಿತರಿಗೆ ಮೇಣದಬತ್ತಿ ಬೆಳಕಲ್ಲಿ ಓದೋರು. ಮೊದಲ ಪುಸ್ತಕ 1904ರಲ್ಲಿ ಬಂತು, ಅದಕ್ಕೆ ಚಿತ್ರ ಬರೀತಿದ್ದ ಜೇಮ್ಸ್ ಮ್ಯಾಕ್‌ಬ್ರೈಡ್ ಅನ್ನೋ ಪ್ರಾಣಸ್ನೇಹಿತ ಅದೇ ವರ್ಷ ತೀರ್ಕೊಂಡ್ರು, ನಾಲ್ಕೇ ಚಿತ್ರ ಮುಗಿದಿತ್ತು. ಬೇರೆ ಚಿತ್ರಕಾರರನ್ನ ಕರೆಸದೆ ಆ ನಾಲ್ಕೇ ಚಿತ್ರ ಇಟ್ಟು ಪುಸ್ತಕ ತಂದ್ರು. ಎದ್ದು ನಿಂತ ಹಾಸಿಗೆ ಹೊದಿಕೆಯ ಎದುರು ಬೆಚ್ಚಿಬಿದ್ದ 'ಓ, ವಿಸಲ್' ಕಥೆಯ ಪ್ರೊಫೆಸರ್ ಪಾರ್ಕಿನ್ಸ್ ಚಿತ್ರ ಇದ್ಯಲ್ಲ, ಅದು ಅವರದ್ದೇ. ಇ-ಬುಕ್ಕಲ್ಲಿ ಎಷ್ಟೋ ಸಲ ಆ ಚಿತ್ರಗಳನ್ನೇ ಬಿಟ್ಟಿರ್ತಾರೆ, ನೋಡಿದಾಗೆಲ್ಲಾ ನನಗೆ ಹೊಟ್ಟೆ ಉರಿಯುತ್ತೆ.

ಕತ್ತಲೆಕೋಣೆ:

ಅಯ್ಯೋ ನಾನು ಓದಿದ್ರಲ್ಲಿ ಒಂದೂ ಚಿತ್ರ ಇರ್ಲಿಲ್ಲ ಮೇಡಂ! ಈಗ್ಲೇ ಹುಡುಕ್ತೀನಿ. ಮಾಟಗಾತಿ ಕಥೆ ಇಷ್ಟೆಲ್ಲಾ ದಾರಿ ದಾಟಿ ಬಂದಿದ್ದು ಅಂತ ಗೊತ್ತೇ ಇರ್ಲಿಲ್ಲ. ನನ್ನ ಪ್ರಶ್ನೆಯಲ್ಲಿ ಕಪಾಟಿನ ಮಾತು ವಾಪಸ್ ತಗೋತೀನಿ. ಸರಿ, ದುಡ್ಡು ಜಾಸ್ತಿ ಸುರಿಯದೆ ಜೇಮ್ಸ್ ಆದ್ಮೇಲೆ ಯಾರನ್ನ ಓದ್ಲಿ?

ಹಳೇಪುಟ:

ಇ. ಜಿ. ಸ್ವೇನ್‌ನಿಂದ ಶುರು ಮಾಡಿ. ಜೇಮ್ಸ್ ಗೆಳೆಯ, ಕಿಂಗ್ಸ್ ಕಾಲೇಜಿನ ಪಾದ್ರಿ ಆಗಿದ್ದೋರು, 1912ರಲ್ಲಿ ಸ್ಟೋನ್‌ಗ್ರೌಂಡ್ ಕಥೆಗಳು ಅಂತ ತಂದ್ರು. ದೆವ್ವಗಳೆಲ್ಲಾ ಸ್ವಲ್ಪ ಮೆದು, ಆದ್ರೆ ಊರು, ಚರ್ಚು, ತೋಟ ಎಲ್ಲಾ ಕಣ್ಣಿಗೆ ಕಟ್ಟೋ ಹಾಗಿದೆ, ಕಾಪಿರೈಟ್ ಮುಗಿದಿರೋದ್ರಿಂದ ದುಡ್ಡು ಕೊಡದೇ ಓದಬಹುದು. ಆಮೇಲೆ ಎ. ಎನ್. ಎಲ್. ಮನ್‌ಬಿ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ಕೈಗೆ ಸೆರೆ ಸಿಕ್ಕಿ, ಸೆರೆಶಿಬಿರದಲ್ಲಿ ಕೂತು ಬರೆದ ಕಥೆಗಳು, 1949ರಲ್ಲಿ ಪುಸ್ತಕ ಆಯ್ತು. ಪುಸ್ತಕಪ್ರೇಮಿಗಳ ದೆವ್ವದ ಕಥೆ ಅಂದ್ರೆ ಇದೇ.

ಮೂರನೇದು ಎಲ್. ಟಿ. ಸಿ. ರೋಲ್ಟ್, 1948ರ ಸಂಕಲನ. ಹಳೇ ಮಠ, ಹಸ್ತಪ್ರತಿ ಎಲ್ಲಾ ಬಿಟ್ಟು ಕಾಲುವೆ, ರೈಲು, ಗಣಿ ಒಳಗೆ ದೆವ್ವ ತಂದ ಮನುಷ್ಯ, ಯಂತ್ರ ಗೊತ್ತಿದ್ದ ಇಂಜಿನಿಯರ್. ರಾತ್ರಿಪಾಳಿ, ನಿನಗೆ ಇದು ಹಿಡಿಸುತ್ತೆ, ಯಾಕಂದ್ರೆ ಈ ರೋಲ್ಟ್ ಮತ್ತೆ ನಿನ್ನ ಐಕ್‌ಮನ್ ಇಬ್ರೂ ಸೇರಿ 1946ರಲ್ಲಿ ಇಂಗ್ಲೆಂಡಿನ ಹಾಳುಬೀಳ್ತಿದ್ದ ಕಾಲುವೆಗಳನ್ನ ಉಳಿಸೋಕೆ ಒಂದು ಸಂಘ ಕಟ್ಟಿದ್ರು, ಕೆಲವೇ ವರ್ಷದಲ್ಲಿ ಇಬ್ರಿಗೂ ಜಗಳ ಆಗಿ ಬೇರೆ ಬೇರೆ ಆದ್ರು. ಬಾಸ್‌ವರ್ತ್ ಸಮ್ಮಿಟ್ ಪೌಂಡ್ ಅನ್ನೋ ರೋಲ್ಟ್ ಕಥೆ ಮೊದಲು ಓದಿ, ದೋಣಿ ಕಾಲುವೆಯ ಸುರಂಗ ಸೇರೋ ಜಾಗಕ್ಕೆ ಬಂದಾಗ ನಿಧಾನಕ್ಕೆ ಓದಿ, ಓಡಿಸ್ಬೇಡಿ. ಓದಿ ಬಂದು ಇಲ್ಲೇ ಬರೀರಿ.